ಮುಂದೂಡಿದ್ದು ಮನ್ನಾ ಅಲ್ಲ: ಲಾಕ್‌ಡೌನ್‌ನಲ್ಲಿ ಮನೆಯ ಲೆಕ್ಕ ತಪ್ಪಿಸಿದ ಫಾರ್ವರ್ಡ್‌ಗಳು

"ಮೂರು ತಿಂಗಳ ಕಂತು ಮನ್ನಾ", "ಈ ತಿಂಗಳು ಬಾಡಿಗೆ ಕಟ್ಟಬೇಕಾಗಿಲ್ಲ", "ಜನಧನ್ ಖಾತೆಗೆ ಬಂದ 500 ರೂಪಾಯಿ ಬೇಗ ತೆಗೆಯದಿದ್ದರೆ ವಾಪಸ್ ಹೋಗುತ್ತೆ". 2020ರ ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್ ಶುರುವಾದ ಮೇಲೆ ಇಂಥ ಮಾತುಗಳು ಫೋನಿಂದ ಫೋನಿಗೆ ಹರಿದಾಡಿದವು. ವೈರಸ್ ಬಗೆಗಿನ ಸುಳ್ಳುಗಳನ್ನು ಬಹಳ ಜನ ಬಿಡಿಸಿ ಹೇಳಿದ್ದಾರೆ. ದುಡ್ಡಿನ ಬಗೆಗಿನ ಫಾರ್ವರ್ಡ್‌ಗಳ ಕಡೆ ಅಷ್ಟು ಗಮನ ಹೋಗಲಿಲ್ಲ. ಕಾರಣ ಇಷ್ಟೇ: ಅವು ಪೂರ್ತಿ ಸುಳ್ಳಾಗಿರಲಿಲ್ಲ. ಹೆಚ್ಚಿನವುಗಳ ಹಿಂದೆ ಒಂದು ನಿಜವಾದ ಆದೇಶ ಇತ್ತು. ಒಂದೇ ಒಂದು ಪದ ಬದಲಾಗಿತ್ತು.

ಆ ಒಂದು ಪದಕ್ಕೆ ಎಷ್ಟು ಬೆಲೆ ಅನ್ನುವುದನ್ನು ಈ ಬರಹದಲ್ಲಿ ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆ ಬೆಂಗಳೂರು ದಕ್ಷಿಣದ ಸಾರಕ್ಕಿಯನ್ನು ತೆಗೆದುಕೊಂಡಿದ್ದೇವೆ. ಕನಕಪುರ ರಸ್ತೆಯ ತರಕಾರಿ, ಹೂವಿನ ಮಾರುಕಟ್ಟೆ, ಸಿಗ್ನಲ್ ಬಳಿಯ ಆಟೋಗಳು, ಜೆ.ಪಿ. ನಗರ ಮತ್ತು ಜಯನಗರದ ಮನೆಗಳಿಗೆ ಕೆಲಸಕ್ಕೆ ಹೋಗುವ ಹೆಂಗಸರು, ಅದೇ ಬೀದಿಯಲ್ಲಿ ಸಂಬಳದ ಕೆಲಸದವರು, ಬಾಡಿಗೆಯನ್ನೇ ನಂಬಿದ ಓನರ್‌ಗಳು. ಲಾಕ್‌ಡೌನ್ ಇವರೆಲ್ಲರ ಮನೆಗೂ ಬಂತು, ಆದರೆ ಒಂದೇ ರೀತಿ ಬರಲಿಲ್ಲ.

ಮೊದಲು ನಾಲ್ಕು ಪದ ತಿಳಿದುಕೊಳ್ಳೋಣ

ಸರ್ಕಾರ ಅಥವಾ ಬ್ಯಾಂಕ್ "ಪರಿಹಾರ" ಅಂತ ಏನನ್ನೇ ಹೇಳಲಿ, ಅದು ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು.

* ನೆರವು: ಕೈಗೆ ಬರುವ ದುಡ್ಡು ಅಥವಾ ಸಾಮಾನು. ವಾಪಸ್ ಕೊಡಬೇಕಿಲ್ಲ.
* ಮನ್ನಾ: ಕೊಡಬೇಕಾದದ್ದನ್ನು ಇನ್ನು ಕೊಡಬೇಕಿಲ್ಲ.
* ಮುಂದೂಡಿಕೆ: ಈಗ ಬೇಡ, ಆಮೇಲೆ ಕೊಡಿ. ಬಡ್ಡಿ ಓಡುತ್ತಿರಬಹುದು.
* ಮುಂಗಡ: ಮುಂದೆ ಬರಬೇಕಾದದ್ದು ಈಗಲೇ ಬಂತು. ಮುಂದಿನ ತಿಂಗಳು ಮತ್ತೆ ಬರುವುದಿಲ್ಲ.

ಲಾಕ್‌ಡೌನ್ ಕಾಲದ ಬಹುಪಾಲು ಗೊಂದಲ ಹುಟ್ಟಿದ್ದು ಮುಂದೂಡಿಕೆಯನ್ನು ಮನ್ನಾ ಎಂದೂ, ಮುಂಗಡವನ್ನು ನೆರವು ಎಂದೂ ಓದಿಕೊಂಡಿದ್ದರಿಂದ.

ಫಾರ್ವರ್ಡ್: "ಮೂರು ತಿಂಗಳ ಇಎಂಐ ಮನ್ನಾ"

ನಿಜ ಏನು? 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್, ಮಾರ್ಚ್ 1ರಿಂದ ಮೇ 31ರವರೆಗಿನ ಸಾಲದ ಕಂತುಗಳನ್ನು ಮುಂದೂಡಲು ಬ್ಯಾಂಕುಗಳಿಗೆ ಮತ್ತು ಹಣಕಾಸು ಕಂಪನಿಗಳಿಗೆ ಅನುಮತಿ ಕೊಟ್ಟಿತು. ಮೇ 22ರಂದು ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಕೊಟ್ಟದ್ದು ಅನುಮತಿ, ಕಡ್ಡಾಯ ಆದೇಶವಲ್ಲ. ಈ ಅವಧಿಯಲ್ಲಿ ಕಂತು ಕಟ್ಟದವರನ್ನು ಸುಸ್ತಿದಾರರು ಅಂತ ದಾಖಲಿಸುವ ಹಾಗಿರಲಿಲ್ಲ. ಆದರೆ ಬಾಕಿ ಅಸಲಿನ ಮೇಲೆ ಬಡ್ಡಿ ಎಂದಿನಂತೆ ಬೆಳೆಯುತ್ತಿತ್ತು.

ಎಷ್ಟು ಬೆಳೆಯುತ್ತದೆ? ಒಂದು ಆಟೋ ಸಾಲ ಇದೆ ಅಂದುಕೊಳ್ಳೋಣ. ಬಾಕಿ 2 ಲಕ್ಷ ರೂಪಾಯಿ, ಬಡ್ಡಿ ವರ್ಷಕ್ಕೆ 12%, ಅಂದರೆ ತಿಂಗಳಿಗೆ 1%. ಕಂತು 6,000 ರೂಪಾಯಿ. ಆರು ತಿಂಗಳು ಏನೂ ಕಟ್ಟದಿದ್ದರೆ ಬಾಕಿ 2,12,304 ರೂಪಾಯಿ ಆಗುತ್ತದೆ. ಆಮೇಲೆ ಅದೇ 6,000ದಂತೆ ಕಟ್ಟುತ್ತಾ ಹೋದರೆ, ನಿಂತ ಆರು ಕಂತುಗಳ ಜತೆಗೆ ಕೊನೆಯಲ್ಲಿ ಇನ್ನೂ ಮೂರು ಕಂತು ಹೆಚ್ಚಾಗಿ ಕಟ್ಟಬೇಕು. ಒಟ್ಟು ಹೊರೆ ಸುಮಾರು 18,800 ರೂಪಾಯಿ.

ಸಾಲ ದೊಡ್ಡದಾಗಿ, ಬಾಕಿ ವರ್ಷಗಳು ಜಾಸ್ತಿ ಇದ್ದಷ್ಟೂ ಹೊರೆ ಹೆಚ್ಚು. ಸ್ಟೇಟ್ ಬ್ಯಾಂಕ್ ಆಗ ತನ್ನ ಗ್ರಾಹಕರಿಗೆ ಕೊಟ್ಟ ಉದಾಹರಣೆಯಲ್ಲೇ ಇದು ಇತ್ತು: 15 ವರ್ಷ ಬಾಕಿ ಇರುವ 30 ಲಕ್ಷದ ಮನೆ ಸಾಲಕ್ಕೆ ಮೂರು ತಿಂಗಳ ಮುಂದೂಡಿಕೆಯಿಂದ ಬೀಳುವ ಹೆಚ್ಚುವರಿ ಬಡ್ಡಿ ಸುಮಾರು 2.34 ಲಕ್ಷ ರೂಪಾಯಿ, ಅಂದರೆ ಎಂಟು ಕಂತಿನಷ್ಟು.

ಕ್ರೆಡಿಟ್ ಕಾರ್ಡ್ ಬಾಕಿಗೂ ಮುಂದೂಡಿಕೆ ಇತ್ತು. ಆದರೆ ಕಾರ್ಡಿನ ಬಡ್ಡಿ ತಿಂಗಳಿಗೇ 3%ಕ್ಕಿಂತ ಮೇಲಿರುವುದು ಸಾಮಾನ್ಯ. 3% ಅಂತಲೇ ಹಿಡಿದರೂ 20,000 ರೂಪಾಯಿ ಬಾಕಿಗೆ ಮೂರು ತಿಂಗಳಲ್ಲಿ 1,854 ರೂಪಾಯಿ ಬಡ್ಡಿ. ಅದರ ಮೇಲೆ ಜಿಎಸ್‌ಟಿ ಬೇರೆ.

ಹಾಗಾದರೆ ಮುಂದೂಡಿಕೆ ಮೋಸವಾ? ಅಲ್ಲ. ಸಂಪಾದನೆ ನಿಂತು ಮನೆಯಲ್ಲಿ ಅಕ್ಕಿಗೇ ದುಡ್ಡಿಲ್ಲದಾಗ ವರ್ಷಕ್ಕೆ 12% ಬಡ್ಡಿಯ ಮುಂದೂಡಿಕೆ, ಮೀಟರ್ ಬಡ್ಡಿಗೆ ಕೈಸಾಲ ಮಾಡುವುದಕ್ಕಿಂತ ಎಷ್ಟೋ ಮೇಲು. ಆಟೋ ನಿಂತವರಿಗೆ ಅದು ನಿಜಕ್ಕೂ ಆಸರೆ. ಸಂಬಳ ನಿಲ್ಲದೆ ಬರುತ್ತಿದ್ದವರು "ಮನ್ನಾ" ಅಂತ ನಂಬಿ ಕಂತು ನಿಲ್ಲಿಸಿದ್ದರೆ, ಅವರಿಗೆ ಮಾತ್ರ ಅದು ಶುದ್ಧ ನಷ್ಟ.

ಫಾರ್ವರ್ಡ್: "ಸುಪ್ರೀಂ ಕೋರ್ಟ್ ಬಡ್ಡಿ ಮನ್ನಾ ಮಾಡಿತು"

ಇಲ್ಲೂ ಒಂದು ಪದ ಬಿಟ್ಟುಹೋಗಿದೆ. ಮನ್ನಾ ಆದದ್ದು ಬಡ್ಡಿಯಲ್ಲ, ಬಡ್ಡಿಯ ಮೇಲಿನ ಬಡ್ಡಿ. 2020ರ ಅಕ್ಟೋಬರ್ 23ರಂದು ಕೇಂದ್ರ ಸರ್ಕಾರ, 2 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಆರು ತಿಂಗಳ ಚಕ್ರಬಡ್ಡಿ ಮತ್ತು ಸರಳಬಡ್ಡಿ ನಡುವಿನ ವ್ಯತ್ಯಾಸವನ್ನು ತಾನೇ ಭರಿಸುವುದಾಗಿ ಹೇಳಿತು. ಕಂತು ತಪ್ಪದೆ ಕಟ್ಟಿದವರಿಗೂ ಅದು ಸಿಕ್ಕಿತು. 2021ರ ಮಾರ್ಚ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆ ಅವಧಿಗೆ ಯಾರಿಂದಲೂ ಚಕ್ರಬಡ್ಡಿ ವಸೂಲಿ ಮಾಡಬಾರದು ಎಂದಿತು. ಪೂರ್ತಿ ಬಡ್ಡಿ ಮನ್ನಾದ ಬೇಡಿಕೆಯನ್ನು ಒಪ್ಪಲಿಲ್ಲ.

ನಮ್ಮ ಆಟೋ ಸಾಲಕ್ಕೆ ಇದನ್ನು ಹಾಕಿ ನೋಡಿ. ಆರು ತಿಂಗಳ ಸರಳಬಡ್ಡಿ 12,000. ಚಕ್ರಬಡ್ಡಿ 12,304. ವಾಪಸ್ ಬರುವುದು 304 ರೂಪಾಯಿ.

ಇನ್ನೊಂದು ಸಂಗತಿ: 2021ರ ಎರಡನೇ ಅಲೆಯ ಲಾಕ್‌ಡೌನ್‌ನಲ್ಲಿ ಎಲ್ಲರಿಗೂ ಅನ್ವಯವಾಗುವ ಇಂಥ ಮುಂದೂಡಿಕೆ ಇರಲೇ ಇಲ್ಲ. ಸಾಲವನ್ನು ಹೊಸದಾಗಿ ಹೊಂದಿಸಿಕೊಳ್ಳಲು ಬ್ಯಾಂಕಿಗೆ ಅರ್ಜಿ ಹಾಕುವ ಅವಕಾಶ ಮಾತ್ರ ಇತ್ತು. ಹಳೆಯ ಸಂದೇಶಕ್ಕೆ ತಾರೀಖು ಇಲ್ಲದಿದ್ದರೆ ಅದು ಎಷ್ಟು ಅಪಾಯ ಅನ್ನುವುದಕ್ಕೆ ಇದೊಂದೇ ಸಾಕು.

ಫಾರ್ವರ್ಡ್: "ಬಾಡಿಗೆ ಕೇಳೋ ಹಾಗಿಲ್ಲ"

2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಆದೇಶದಲ್ಲಿ ಬಾಡಿಗೆ ಮನೆಗಳಲ್ಲಿರುವ ಕಾರ್ಮಿಕರಿಂದ, ವಲಸೆ ಕಾರ್ಮಿಕರೂ ಸೇರಿದಂತೆ, ಒಂದು ತಿಂಗಳು ಬಾಡಿಗೆ ಕೇಳಬಾರದು ಎಂದಿತ್ತು. ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಮನೆ ಖಾಲಿ ಮಾಡಿಸಬಾರದು ಎಂದೂ ಇತ್ತು. ಫಾರ್ವರ್ಡ್ ಆಗುವಾಗ "ಕಾರ್ಮಿಕರು" ಹೋಗಿ "ಎಲ್ಲರೂ" ಆಯಿತು, "ಒಂದು ತಿಂಗಳು" ಹೋಗಿ "ಲಾಕ್‌ಡೌನ್ ಮುಗಿಯುವವರೆಗೆ" ಆಯಿತು.

ನಮ್ಮೂರಲ್ಲಿ ಬಾಡಿಗೆ ಕಟ್ಟಲಾಗದವರು ಹೇಳುವ ಮಾತು, "ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ". ಇದು ಕೆಟ್ಟ ದಾರಿಯೇನಲ್ಲ, ಬಡ್ಡಿ ಇಲ್ಲದ ದುಡ್ಡು. ಆದರೆ ಅದು ನಿಮ್ಮದೇ ದುಡ್ಡು. ಎಂಟು ಸಾವಿರ ಬಾಡಿಗೆಯ ಮನೆಗೆ 80,000 ಅಡ್ವಾನ್ಸ್ ಕೊಟ್ಟಿದ್ದು, ಮೂರು ತಿಂಗಳು ಮುರಿದುಕೊಂಡರೆ ಉಳಿಯುವುದು 56,000. ನಾಳೆ ಬೇರೆ ಮನೆ ಹುಡುಕುವಾಗ ಆ 24,000 ರೂಪಾಯಿಯನ್ನು ಕೈಯಿಂದ ಹಾಕಬೇಕು. ಹೀಗೆ ಒಪ್ಪಿಕೊಂಡರೆ ಎಷ್ಟು ತಿಂಗಳು, ಎಷ್ಟು ರೂಪಾಯಿ ಅನ್ನುವುದನ್ನು ಓನರ್‌ಗೆ ವಾಟ್ಸಾಪ್‌ನಲ್ಲೇ ಬರೆದು ಕಳಿಸಿ, "ಸರಿ" ಅಂತ ಒಂದು ಉತ್ತರ ತರಿಸಿಕೊಳ್ಳಿ. ಬಾಯಿಮಾತಿನ ಒಪ್ಪಂದ ಮನೆ ಖಾಲಿ ಮಾಡುವ ದಿನ ಯಾರಿಗೂ ನೆನಪಿರುವುದಿಲ್ಲ.

ಫಾರ್ವರ್ಡ್: "ಬೆಸ್ಕಾಂ ಡಬಲ್ ಬಿಲ್ ಹಾಕಿ ಲೂಟಿ ಮಾಡ್ತಿದೆ"

2020ರ ಏಪ್ರಿಲ್‌ನಲ್ಲಿ ಮೀಟರ್ ಓದುವವರು ಮನೆ ಮನೆಗೆ ಬರಲಿಲ್ಲ. ಹಿಂದಿನ ತಿಂಗಳುಗಳ ಸರಾಸರಿ ಮೇಲೆ ಬಿಲ್ ಆಯಿತು. ಮೇ ತಿಂಗಳಲ್ಲಿ ಎರಡು ತಿಂಗಳ ನಿಜವಾದ ರೀಡಿಂಗ್ ಒಟ್ಟಿಗೆ ಬಂದಾಗ ಬಿಲ್ ನೋಡಿ ಜನ ಬೆಚ್ಚಿದರು. ಮನೆಮಂದಿಯೆಲ್ಲ ದಿನವಿಡೀ ಮನೆಯಲ್ಲೇ ಇದ್ದರು, ಬೇಸಿಗೆ ಬೇರೆ. ಬಳಕೆಯೂ ಹೆಚ್ಚಾಗಿತ್ತು.

ಆದರೆ ಜನರ ಅನುಮಾನದಲ್ಲೂ ಅರ್ಥ ಇತ್ತು. ವಿದ್ಯುತ್ ದರ ಆಗ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಲೆಕ್ಕ ಸುಲಭವಾಗಲಿ ಅಂತ ಒಂದು ಕಲ್ಪಿತ ದರ ಇಟ್ಟುಕೊಳ್ಳೋಣ: ತಿಂಗಳಿಗೆ ಮೊದಲ 100 ಯೂನಿಟ್‌ಗೆ 5 ರೂಪಾಯಿಯಂತೆ, ಅದರ ಮೇಲಿನದಕ್ಕೆ 7 ರೂಪಾಯಿಯಂತೆ. ತಿಂಗಳಿಗೆ 80 ಯೂನಿಟ್ ಬಳಸುವ ಮನೆಗೆ 400 ರೂಪಾಯಿ, ಎರಡು ತಿಂಗಳಿಗೆ 800. ಅದೇ 160 ಯೂನಿಟ್‌ಗಳನ್ನು ಒಂದೇ ತಿಂಗಳ ಬಳಕೆ ಅಂತ ಲೆಕ್ಕ ಹಾಕಿದರೆ 920 ರೂಪಾಯಿ. ಸರಿಯಾದ ಬಿಲ್‌ನಲ್ಲಿ ಕೆಳಗಿನ ದರದ ಮಿತಿಯೂ ಎರಡು ತಿಂಗಳಿಗೆ ತಕ್ಕಂತೆ ದುಪ್ಪಟ್ಟಾಗಿರಬೇಕು. ಬಿಲ್‌ನಲ್ಲಿ ಎಷ್ಟು ದಿನದ ರೀಡಿಂಗ್ ಅಂತ ನೋಡಿ, ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ, ತಪ್ಪಿದ್ದರೆ 1912ಕ್ಕೆ ದೂರು ಕೊಡಿ. ಬೈಗುಳದ ಫಾರ್ವರ್ಡ್‌ನಿಂದ ಬಿಲ್ ಕಡಿಮೆಯಾಗುವುದಿಲ್ಲ.

ರೇಷನ್ ಮತ್ತು ಜನಧನ್: ಯಾವುದು ಮುಂಗಡ, ಯಾವುದು ನೆರವು?

2020ರ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ ಎರಡು ತಿಂಗಳ ರೇಷನ್ ಒಟ್ಟಿಗೆ ಕೊಟ್ಟರು. ಇದು ಮುಂಗಡ. ಅದನ್ನು ಒಂದೇ ತಿಂಗಳಿಗೆ ಬಳಸಿದರೆ ಮೇ ತಿಂಗಳಿಗೆ ಚೀಲ ಖಾಲಿ. ಕೇಂದ್ರದ ಗರೀಬ್ ಕಲ್ಯಾಣ್ ಯೋಜನೆಯಲ್ಲಿ ತಲೆಗೆ 5 ಕೆ.ಜಿ. ಧಾನ್ಯ ಸಿಕ್ಕಿದ್ದು ಹೆಚ್ಚುವರಿ ನೆರವು. ಎರಡೂ ಅದೇ ನ್ಯಾಯಬೆಲೆ ಅಂಗಡಿಯಲ್ಲಿ ಸಿಕ್ಕರೂ ಲೆಕ್ಕ ಬೇರೆ ಬೇರೆ.

ಮಹಿಳೆಯರ ಜನಧನ್ ಖಾತೆಗೆ ಏಪ್ರಿಲ್‌ನಿಂದ ಜೂನ್‌ವರೆಗೆ ತಿಂಗಳಿಗೆ 500 ರೂಪಾಯಿಯಂತೆ ಬಂದದ್ದೂ ನೆರವೇ. ತೆಗೆಯದಿದ್ದರೆ ಸರ್ಕಾರ ವಾಪಸ್ ಪಡೆಯುತ್ತದೆ ಅನ್ನುವ ವದಂತಿಗೆ ಆಧಾರ ಇರಲಿಲ್ಲ, ಕೇಂದ್ರ ಸರ್ಕಾರವೇ ಅದನ್ನು ಅಲ್ಲಗಳೆಯಿತು. ಗುಂಪು ಸೇರಬಾರದು ಅಂತಲೇ ಖಾತೆ ಸಂಖ್ಯೆಯ ಕೊನೆಯ ಅಂಕಿ ನೋಡಿ ದಿನ ಹಂಚಿದ್ದರು. ವದಂತಿ ನಂಬಿದವರು ಬ್ಯಾಂಕಿನ ಮುಂದೆ ಸಾಲು ನಿಂತರು. ದೂರ ನಿಲ್ಲಬೇಕಾದ ಕಾಲದಲ್ಲಿ ಒಂದು ಫಾರ್ವರ್ಡ್ ಜನರನ್ನು ಒತ್ತೊತ್ತಾಗಿ ನಿಲ್ಲಿಸಿತು.

"ಎಲ್ಲರಿಗೂ 5,000": ಯಾರಿಗೆ ಬಂತು?

2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು. ಆಟೋ ಮತ್ತು ಟ್ಯಾಕ್ಸಿ ಚಾಲಕರು, ಕ್ಷೌರಿಕರು, ಮಡಿವಾಳರಿಗೆ ಒಂದು ಸಲಕ್ಕೆ 5,000 ರೂಪಾಯಿ. ಚಾಲಕರು ಸೇವಾಸಿಂಧು ಮೂಲಕ ಅರ್ಜಿ ಹಾಕಬೇಕಿತ್ತು. ಮನೆಕೆಲಸದವರ ಹೆಸರು ಬಂದದ್ದು ಮರುವರ್ಷ. 2021ರ ಮೇ 19ರ 1,250 ಕೋಟಿಯ ಪ್ಯಾಕೇಜ್‌ನಲ್ಲಿ ಚಾಲಕರಿಗೆ ಮತ್ತು ಕಟ್ಟಡ ಕಾರ್ಮಿಕರಿಗೆ 3,000, ಬೀದಿಬದಿ ವ್ಯಾಪಾರಿಗಳಿಗೆ ಮತ್ತು ಮನೆಕೆಲಸದವರೂ ಸೇರಿದ ಅಸಂಘಟಿತ ಕಾರ್ಮಿಕರಿಗೆ 2,000 ರೂಪಾಯಿ.

ಬೀದಿಬದಿ ವ್ಯಾಪಾರಿಗಳಿಗೆ 2020ರ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿಯ 10,000 ರೂಪಾಯಿಯನ್ನೂ ಕೆಲವರು "ಮೋದಿ ದುಡ್ಡು" ಅಂತ ಕರೆದರು. ಅದು ನೆರವಲ್ಲ, ಸಾಲ. ಸರಿಯಾಗಿ ಕಟ್ಟಿದರೆ 7% ಬಡ್ಡಿ ಸಹಾಯಧನ ಸಿಗುತ್ತಿತ್ತು.

ಪಿಎಫ್, ಚಿನ್ನ, ಆ್ಯಪ್ ಸಾಲ

ಕೈ ಖಾಲಿಯಾದಾಗ ದುಡ್ಡು ಎಲ್ಲಿಂದ ತರುವುದು ಅನ್ನುವುದರ ಮೇಲೆ ಮುಂದಿನ ಎರಡು ವರ್ಷದ ಬದುಕು ನಿಂತಿರುತ್ತದೆ.

ಪಿಎಫ್: ಕೋವಿಡ್ ಕಾರಣಕ್ಕೆ ಮೂರು ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ, ಅಥವಾ ಖಾತೆಯಲ್ಲಿರುವ ಹಣದ 75%, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ತೆಗೆಯಲು 2020ರಲ್ಲಿ ಅವಕಾಶ ಕೊಟ್ಟರು. ವಾಪಸ್ ಕಟ್ಟಬೇಕಿಲ್ಲ. ಆದರೆ ಇದು ಸರ್ಕಾರದ ನೆರವಲ್ಲ, ನಿಮ್ಮ ಮುಪ್ಪಿನ ದುಡ್ಡು.

ಚಿನ್ನ: 2020ರ ಆಗಸ್ಟ್‌ನಿಂದ 2021ರ ಮಾರ್ಚ್‌ವರೆಗೆ ಬ್ಯಾಂಕುಗಳು ಒಡವೆಯ ಬೆಲೆಯ 90%ವರೆಗೆ ಸಾಲ ಕೊಡಬಹುದಿತ್ತು. ಮೊದಲು ಮಿತಿ 75% ಇತ್ತು. ಹೆಚ್ಚು ಸಿಗುತ್ತದೆ ಅಂತ ಹೆಚ್ಚು ತೆಗೆದುಕೊಳ್ಳಬೇಕಾಗಿಲ್ಲ. ಬೇಕಾದಷ್ಟಕ್ಕೆ ಮಾತ್ರ ಅಡ ಇಡಿ.

ಆ್ಯಪ್ ಸಾಲ: "ಐದು ನಿಮಿಷದಲ್ಲಿ ಸಾಲ" ಅನ್ನುವ ಲಿಂಕ್‌ಗಳು ಬಹಳ ಮನೆಗಳನ್ನು ಕೆಡಿಸಿದವು. 5,000 ಸಾಲ ಅಂತ ಹೇಳಿ, 1,500 ಶುಲ್ಕ ಮುರಿದುಕೊಂಡು 3,500 ಕೊಟ್ಟು, ಏಳು ದಿನಕ್ಕೆ 5,000 ಕೇಳಿದರೆ ನಿಜವಾದ ಬಡ್ಡಿ ವಾರಕ್ಕೇ 43%. ಕಟ್ಟದಿದ್ದರೆ ನಿಮ್ಮ ಫೋನಿನಲ್ಲಿರುವ ನಂಬರ್‌ಗಳಿಗೆಲ್ಲ ಕರೆ ಮಾಡಿ ಮಾನ ಕಳೆಯುವುದು ಅವರ ವಸೂಲಿ ವಿಧಾನ. 2020ರ ಡಿಸೆಂಬರ್ 23ರಂದು ರಿಸರ್ವ್ ಬ್ಯಾಂಕ್ ಇಂಥ ಅನಧಿಕೃತ ಆ್ಯಪ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಸಾಲ ಕೊಡುವ ಬ್ಯಾಂಕ್ ಅಥವಾ ಕಂಪನಿಯ ಹೆಸರು ಹೇಳದ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ಸ್ ನೋಡುವ ಅನುಮತಿ ಕೊಡಬೇಡಿ.

ಅದೇ ಕಾಲದಲ್ಲಿ "ಇಎಂಐ ಮುಂದೂಡಿ ಕೊಡ್ತೀವಿ, ಓಟಿಪಿ ಹೇಳಿ" ಅನ್ನುವ ಕರೆಗಳ ಬಗ್ಗೆಯೂ ಬ್ಯಾಂಕುಗಳು ಎಚ್ಚರಿಸಿದವು. ಕಂತು ಮುಂದೂಡಲು ಯಾವ ಬ್ಯಾಂಕೂ ಫೋನಿನಲ್ಲಿ ಓಟಿಪಿ ಕೇಳುವುದಿಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಶಾಲೆ ಶುಲ್ಕದ ಕಥೆ

"ಈ ವರ್ಷ ಫೀಸ್ ಇಲ್ಲ" ಅನ್ನುವುದೂ ನಿಜವಾಗಿರಲಿಲ್ಲ. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ, ಖಾಸಗಿ ಶಾಲೆಗಳು 2019-20ರ ಬೋಧನಾ ಶುಲ್ಕದ 70% ಮಾತ್ರ ತೆಗೆದುಕೊಳ್ಳಬೇಕು ಎಂದಿತು. ಶಾಲೆಗಳು ಹೈಕೋರ್ಟ್‌ಗೆ ಹೋದವು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅದನ್ನು 85% ಮಾಡಿತು. 70% ಕಟ್ಟಿ ಮುಗಿಯಿತು ಅಂದುಕೊಂಡಿದ್ದ ಮನೆಗಳಿಗೆ ಮತ್ತೆ 15% ಬಾಕಿ ಎದ್ದು ಬಂತು. ವ್ಯಾಜ್ಯ ನಡೆಯುತ್ತಿರುವಾಗ ಉಳಿದ ದುಡ್ಡನ್ನು ಖರ್ಚಿಗೆ ಹಾಕಬಾರದು ಅನ್ನುವುದು ಇದರ ಪಾಠ.

ಮತ್ತೆ ಇಂಥ ಕಾಲ ಬಂದರೆ

ಮೊದಲ ಕೆಲಸ, ದುಡ್ಡನ್ನು ದಿನಗಳಲ್ಲಿ ಎಣಿಸಿ. ಕೈಯಲ್ಲಿರುವ ನಗದನ್ನು ದಿನದ ಅನಿವಾರ್ಯ ಖರ್ಚಿನಿಂದ ಭಾಗಿಸಿ. 9,000 ರೂಪಾಯಿ ಇದ್ದು, ದಿನಕ್ಕೆ 300 ಬೇಕಾದರೆ ನಿಮ್ಮ ಹತ್ತಿರ 30 ದಿನ ಇದೆ.

ಎರಡನೆಯದು, ಘೋಷಿಸಿದ ಅವಧಿಯನ್ನು ನಂಬಿ ಖರ್ಚು ಮಾಡಬೇಡಿ. 2020ರಲ್ಲಿ ಮೊದಲು ಹೇಳಿದ್ದು 21 ದಿನ, ವಿಸ್ತರಣೆಗಳೆಲ್ಲ ಸೇರಿ ಮೇ 31ಕ್ಕೆ 68 ದಿನ ಆಯಿತು. 2021ರ ಏಪ್ರಿಲ್ 27ರಿಂದ ಅಂತ ಕರ್ನಾಟಕ ಹೇಳಿದ್ದು 14 ದಿನ, ಬೆಂಗಳೂರಲ್ಲಿ ಬಿಗಿ ಸಡಿಲಿದ್ದು ಜೂನ್ 14ಕ್ಕೆ, ಸುಮಾರು ಏಳು ವಾರದ ನಂತರ. ಎರಡು ಸಲವೂ ಮೂರು ಪಟ್ಟಿಗಿಂತ ಹೆಚ್ಚು.

ಮೂರನೆಯದು, ಕಟ್ಟುವ ಕ್ರಮ. ಮೊದಲು ಊಟ, ಔಷಧಿ, ಗ್ಯಾಸ್. ಆಮೇಲೆ ತಲೆಯ ಮೇಲಿನ ಸೂರು, ಕರೆಂಟು, ಒಂದು ಫೋನಿನ ರೀಚಾರ್ಜ್. ಆಮೇಲೆ ಬಡ್ಡಿ ಹೆಚ್ಚಿರುವ ಸಾಲ: ಕೈಸಾಲ, ಕಾರ್ಡು. ಅದರ ನಂತರ ಬಡ್ಡಿ ಕಡಿಮೆ ಇರುವ ಬ್ಯಾಂಕ್ ಸಾಲ. ಎತ್ತಿಕೊಂಡ ಚೀಟಿಯ ಬಾಕಿ ಲಾಕ್‌ಡೌನ್ ಬಂತು ಅಂತ ಅಳಿಯುವುದಿಲ್ಲ. ಕಟ್ಟಲಾಗದಿದ್ದರೆ ಮುಚ್ಚಿಡದೆ ಮೊದಲೇ ಹೇಳಿ, ಹೊಸ ದಿನಾಂಕ ಬರೆಸಿಕೊಳ್ಳಿ.

ನಾಲ್ಕನೆಯದು, "ನಾಳೆಯಿಂದ ಎಲ್ಲಾ ಬಂದ್" ಅನ್ನುವ ಸಂದೇಶಕ್ಕೆ ಓಡಬೇಡಿ. ಹಾಲು, ತರಕಾರಿ, ದಿನಸಿ, ಔಷಧಿ ಎರಡೂ ಲಾಕ್‌ಡೌನ್‌ನಲ್ಲಿ ಸಿಗುತ್ತಿದ್ದವು. 2021ರಲ್ಲಿ ಬೆಳಿಗ್ಗೆ 6ರಿಂದ 10ರವರೆಗೆ ಅಂಗಡಿ ತೆರೆದಿರುತ್ತಿದ್ದವು. ಎಲ್ಲರೂ ಒಂದೇ ದಿನ ನುಗ್ಗಿದರೆ ಬೆಲೆ ಏರುತ್ತದೆ, ಸೋಂಕೂ ಹರಡುತ್ತದೆ, ತಂದ ಸೊಪ್ಪು ಮನೆಯಲ್ಲೇ ಕೊಳೆಯುತ್ತದೆ. ತಂದ ತರಕಾರಿಯನ್ನು ಶುದ್ಧ ನೀರಲ್ಲಿ ಚೆನ್ನಾಗಿ ತೊಳೆದರೆ ಸಾಕು. ಸೋಪು, ಡೆಟಾಲ್ ಹೊಟ್ಟೆಗೆ ಹೋಗುವ ವಸ್ತುಗಳಲ್ಲ.

ಸಂಬಳ ನಿಲ್ಲದವರಿಗೆ ಒಂದು ಮಾತು. ಮನೆಕೆಲಸದವರನ್ನು ಬರಬೇಡಿ ಅಂದ ತಿಂಗಳೂ ಅವರ ಸಂಬಳ ಕೊಟ್ಟರೆ, ಅದು ಸಾರಕ್ಕಿಯ ಒಂದು ಮನೆಯ ರೇಷನ್ನು, ಬಾಡಿಗೆ, ಮಗುವಿನ ಫೋನ್ ರೀಚಾರ್ಜ್ ಆಗುತ್ತದೆ. ಮನೆಕೆಲಸದವರಿಗೆ ಸರ್ಕಾರದ 2,000 ರೂಪಾಯಿ ಪ್ರಕಟವಾಗಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು.

ದುಡ್ಡಿನ ಫಾರ್ವರ್ಡ್ ಬಂದಾಗ ಕೇಳಬೇಕಾದ ನಾಲ್ಕು ಪ್ರಶ್ನೆ

1. ಇದು ನೆರವಾ, ಮನ್ನಾನಾ, ಮುಂದೂಡಿಕೆಯಾ, ಮುಂಗಡವಾ?
2. ಯಾರಿಗೆ? "ಎಲ್ಲರಿಗೂ" ಅಂತಿದ್ದರೆ ಅನುಮಾನಪಡಿ.
3. ಯಾವ ತಾರೀಖಿನಿಂದ ಯಾವ ತಾರೀಖಿಗೆ? ತಾರೀಖು ಇಲ್ಲದ ಸಂದೇಶ ಎರಡು ವರ್ಷ ಹಳೆಯದಿರಬಹುದು.
4. ಹೇಳಿದ್ದು ಯಾರು? ರಿಸರ್ವ್ ಬ್ಯಾಂಕ್, ಸರ್ಕಾರದ ಇಲಾಖೆ, ನಿಮ್ಮ ಬ್ಯಾಂಕ್ ಶಾಖೆ, ಇವುಗಳಲ್ಲಿ ಒಂದರಿಂದ ಖಚಿತಪಡಿಸಿಕೊಳ್ಳಿ. ಕೇಂದ್ರ ಸರ್ಕಾರದ ಹೆಸರಿನ ಸಂದೇಶಗಳನ್ನು ಪಿಐಬಿ ಫ್ಯಾಕ್ಟ್ ಚೆಕ್ ಪರಿಶೀಲಿಸುತ್ತದೆ.

2020ರ ಏಪ್ರಿಲ್ 7ರಂದು ವಾಟ್ಸಾಪ್, ಬಹಳ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸುವಂತೆ ಮಿತಿ ಹಾಕಿತು. ಅಂಥ ಸಂದೇಶದ ಮೇಲೆ ಎರಡು ಬಾಣದ ಗುರುತು ಕಾಣುತ್ತದೆ. ಆ ಗುರುತಿರುವ ದುಡ್ಡಿನ ಸುದ್ದಿ ನಿಮ್ಮ ಗುಂಪಿಗೆ ಬಂದರೆ, ಮುಂದೆ ಕಳಿಸುವ ಮೊದಲು ಮೇಲಿನ ನಾಲ್ಕು ಪ್ರಶ್ನೆಯನ್ನು ಅದೇ ಗುಂಪಿನಲ್ಲಿ ಕೇಳಿ. ಉತ್ತರ ಬರದಿದ್ದರೆ ಯಾರೂ ಆ ಸಂದೇಶ ನಂಬಿ ಕಂತು ನಿಲ್ಲಿಸುವುದು ಬೇಡ.